ಲೇಬಲ್ಲಿನಲ್ಲಿ ನಮೂದಿಸದ ಔಷಧ ಬೆರೆತ ಪುಡಿ, ಮಾತ್ರೆ ಮತ್ತು ಪೂರಕ ಆಹಾರಗಳು: ಸಾರ್ವಜನಿಕರ ತಿಳಿವಳಿಕೆಗಾಗಿ

ಪೀಠಿಕೆ

ಸಕಲೇಶಪುರ ಮತ್ತು ಆಲೂರು ತಾಲ್ಲೂಕುಗಳ ಮಲೆನಾಡು ಭಾಗದಲ್ಲಿ ಬಹುಪಾಲು ಕುಟುಂಬಗಳ ಜೀವನೋಪಾಯವು ಕಾಫಿ, ಮೆಣಸು, ಏಲಕ್ಕಿ ತೋಟಗಳನ್ನೂ ಭತ್ತದ ಗದ್ದೆಗಳನ್ನೂ ಅವಲಂಬಿಸಿದೆ. ಇಳಿಜಾರಿನಲ್ಲಿ ನಿಂತು ಹಣ್ಣು ಕೊಯ್ಯುವುದು, ತುಂಬಿದ ಚೀಲವನ್ನು ಹೊತ್ತು ತರುವುದು, ಮಳೆಗಾಲದ ಕೆಸರಿನಲ್ಲಿ ಬಗ್ಗಿ ನಾಟಿ ಮಾಡುವುದು, ಇವೆಲ್ಲವೂ ಮಂಡಿ, ಸೊಂಟ ಮತ್ತು ಬೆನ್ನಿಗೆ ಹೆಚ್ಚು ಶ್ರಮ ನೀಡುವ ಕೆಲಸಗಳಾಗಿವೆ. ಒಂದು ದಿನದ ಕೆಲಸ ತಪ್ಪಿದರೆ ಒಂದು ದಿನದ ಕೂಲಿ ತಪ್ಪುತ್ತದೆ. ಬಾಳ್ಳುಪೇಟೆಯಂತಹ ಹೆದ್ದಾರಿ ಬದಿಯ ಊರುಗಳಲ್ಲಿ ವಾಸಿಸುವವರು ಆಸ್ಪತ್ರೆಗೆ ಹೋಗಿಬರಲು ಅರ್ಧ ದಿನ ವ್ಯಯಿಸುವ ಬದಲು, ಸಂತೆ, ಜಾತ್ರೆ ಅಥವಾ ಬಸ್ ನಿಲ್ದಾಣದಲ್ಲಿ ದೊರೆಯುವ ನೋವಿನ ಪುಡಿಯನ್ನು ಕೊಳ್ಳಲು ಮುಂದಾಗುವುದು ಅಸಹಜವೇನಲ್ಲ. ಈಗ ಮೊಬೈಲ್ ದೂರವಾಣಿಯ ಮೂಲಕ ತರಿಸಿಕೊಳ್ಳುವ ಪೂರಕ ಆಹಾರಗಳೂ ಇದಕ್ಕೆ ಸೇರಿವೆ.

ಇಂತಹ ಉತ್ಪನ್ನಗಳ ಪೈಕಿ ಕೆಲವುಗಳಲ್ಲಿ, ಲೇಬಲ್ಲಿನಲ್ಲಿ ನಮೂದಿಸದ ಅಲೋಪಥಿ ಔಷಧಗಳನ್ನು ಬೆರೆಸಿರುವುದು ನಮ್ಮ ದೇಶದಲ್ಲಿಯೂ ವಿದೇಶಗಳಲ್ಲಿಯೂ ಪ್ರಯೋಗಾಲಯ ಪರೀಕ್ಷೆಗಳಿಂದ ಕಂಡುಬಂದಿದೆ. ಇವುಗಳಿಂದ ಆರೋಗ್ಯಕ್ಕೆ ಉಂಟಾಗುವ ಅಪಾಯ, ಈಗಾಗಲೇ ಸೇವಿಸುತ್ತಿರುವವರು ಅನುಸರಿಸಬೇಕಾದ ಕ್ರಮ, ಹಾಗೂ ಪರೀಕ್ಷೆ ಮತ್ತು ದೂರಿಗಾಗಿ ಅರ್ಜಿ ಸಲ್ಲಿಸುವ ವಿಧಾನವನ್ನು ಈ ಪುಟದಲ್ಲಿ ವಿವರಿಸಲಾಗಿದೆ.

ಮುಖ್ಯ ಸೂಚನೆ: ಯಾವುದೇ ನೋವಿನ ಪುಡಿಯನ್ನು ಕೆಲವು ವಾರಗಳಿಂದ ಪ್ರತಿದಿನ ಸೇವಿಸುತ್ತಿರುವವರು ಈ ಮಾಹಿತಿಯನ್ನು ಓದಿದ ಕೂಡಲೇ ಅದನ್ನು ತಾವಾಗಿಯೇ ಏಕಾಏಕಿ ನಿಲ್ಲಿಸಬಾರದು. ಇದರ ಕಾರಣವನ್ನು 3ನೇ ಭಾಗದಲ್ಲಿ ತಿಳಿಸಲಾಗಿದೆ. ಪೊಟ್ಟಣದೊಂದಿಗೆ ಅದೇ ದಿನ ವೈದ್ಯರನ್ನು ಕಾಣತಕ್ಕದ್ದು.

1. ಯಾವ ಉತ್ಪನ್ನಕ್ಕೆ ಯಾವ ಕಾನೂನು ಅನ್ವಯಿಸುತ್ತದೆ?

ಮಾರುಕಟ್ಟೆಯಲ್ಲಿ ದೊರೆಯುವ ಇಂತಹ ಉತ್ಪನ್ನಗಳು ಮುಖ್ಯವಾಗಿ ಎರಡು ವರ್ಗಗಳಿಗೆ ಸೇರುತ್ತವೆ.

ಅ) ಆರೋಗ್ಯ ಪೂರಕಗಳು ಮತ್ತು ನ್ಯೂಟ್ರಾಸ್ಯುಟಿಕಲ್‌ಗಳು. ಇವು ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಕಾಯ್ದೆ, 2006ರ ವ್ಯಾಪ್ತಿಗೆ ಬರುತ್ತವೆ. ಕಾಯ್ದೆಯ 22ನೇ ಪ್ರಕರಣದ ಪ್ರಕಾರ ಇವು ಆಹಾರಗಳೇ ಹೊರತು ಔಷಧಗಳಲ್ಲ. ನಿರ್ದಿಷ್ಟ ರೋಗವನ್ನು ಗುಣಪಡಿಸುತ್ತದೆಂದು ಇವುಗಳ ಮೇಲೆ ಹೇಳಿಕೊಳ್ಳುವಂತಿಲ್ಲ. ಇವುಗಳ ಲೇಬಲ್ಲಿನಲ್ಲಿ 14 ಅಂಕಿಗಳ ಎಫ್‌ಎಸ್‌ಎಸ್‌ಎಐ ಪರವಾನಗಿ ಸಂಖ್ಯೆ ಇರಬೇಕು. ಔಷಧವಾಗಿ ಬಳಸಲು ಅಲ್ಲ ಎಂಬ ಸೂಚನೆಯೂ ಇರಬೇಕು.

ಆ) ಆಯುರ್ವೇದ, ಸಿದ್ಧ ಮತ್ತು ಯುನಾನಿ ಔಷಧಗಳು. ಇವು ಔಷಧ ಮತ್ತು ಕಾಂತಿವರ್ಧಕ ಕಾಯ್ದೆ, 1940ರ ವ್ಯಾಪ್ತಿಗೆ ಬರುತ್ತವೆ. ಇವುಗಳನ್ನು ಮಾರಾಟಕ್ಕಾಗಿ ತಯಾರಿಸಲು ಪರವಾನಗಿ ಕಡ್ಡಾಯ. ಲೇಬಲ್ಲಿನಲ್ಲಿ ಘಟಕ ದ್ರವ್ಯಗಳ ಪಟ್ಟಿ, ತಯಾರಕರ ಹೆಸರು ಮತ್ತು ವಿಳಾಸ, ತಯಾರಿಕಾ ಪರವಾನಗಿ ಸಂಖ್ಯೆ ಹಾಗೂ ಬ್ಯಾಚ್ ಸಂಖ್ಯೆ ಇರಬೇಕು.

ಈ ಎರಡೂ ವರ್ಗಗಳಲ್ಲಿ ಅಲೋಪಥಿ ಔಷಧವನ್ನು ಬೆರೆಸಲು ಅವಕಾಶವಿಲ್ಲ. ಆಯುರ್ವೇದ ಔಷಧಗಳ ಮಾರಾಟಕ್ಕೆ ಪ್ರತ್ಯೇಕ ಪರವಾನಗಿಯ ಅಗತ್ಯವಿಲ್ಲದಿರುವುದರಿಂದ ಇವು ಯಾವುದೇ ಅಂಗಡಿಯಲ್ಲಿ ದೊರೆಯಬಹುದು. ಆದ್ದರಿಂದ ಅಂಗಡಿಯನ್ನು ನೋಡಿ ನಂಬುವುದಕ್ಕಿಂತ ಲೇಬಲ್ಲನ್ನು ಓದಿ ಕೊಳ್ಳುವುದು ಸೂಕ್ತ.

ಈ ಮಾಹಿತಿಯು ಆಯುರ್ವೇದ ಪದ್ಧತಿಯ ವಿರುದ್ಧವಾದುದಲ್ಲವೆಂದು ಸ್ಪಷ್ಟಪಡಿಸಲಾಗಿದೆ. ಆಯುರ್ವೇದದ ಹೆಸರಿನಲ್ಲಿ ಸ್ಟೀರಾಯ್ಡ್ ಮಾರುವವರು ರೋಗಿಗೆ ಮಾಡುವಷ್ಟೇ ಅನ್ಯಾಯವನ್ನು ಆ ಪದ್ಧತಿಗೂ ಮಾಡುತ್ತಿದ್ದಾರೆ.

2. ಯಾವ ಔಷಧಗಳು ಬೆರೆತಿರಬಹುದು? ಅವುಗಳಿಂದಾಗುವ ಅಪಾಯವೇನು?

ಅ) ಮಂಡಿನೋವು, ಸೊಂಟನೋವು, ಸಂಧಿವಾತ ಮತ್ತು ಉಬ್ಬಸದ ಪುಡಿಗಳು

ಇವುಗಳಲ್ಲಿ ಕಂಡುಬರುವ ಮುಖ್ಯ ಕಲಬೆರಕೆ ಡೆಕ್ಸಾಮೆಥಾಸೋನ್, ಬೀಟಾಮೆಥಾಸೋನ್ ಅಥವಾ ಪ್ರೆಡ್ನಿಸೊಲೋನ್ ಎಂಬ ಸ್ಟೀರಾಯ್ಡ್‌ಗಳು. ಜೊತೆಗೆ ಡೈಕ್ಲೋಫೆನಾಕ್‌ನಂತಹ ನೋವುನಿವಾರಕಗಳೂ ಇರಬಹುದು. ಪರ್ಯಾಯ ವೈದ್ಯ ಪದ್ಧತಿಗಳ ಹೆಸರಿನಲ್ಲಿ ನಮ್ಮ ದೇಶದಲ್ಲಿ ವಿತರಿಸಲಾಗುತ್ತಿದ್ದ ಔಷಧಗಳ ಬಗ್ಗೆ 2000ನೇ ಇಸವಿಯಲ್ಲಿ ಅಧ್ಯಯನವೊಂದು ಪ್ರಕಟವಾಯಿತು. ಅದರಲ್ಲಿ ಪರೀಕ್ಷಿಸಲಾದ ಮಾದರಿಗಳ ಪೈಕಿ ಮೂರನೇ ಒಂದು ಭಾಗಕ್ಕಿಂತ ಹೆಚ್ಚಿನವುಗಳಲ್ಲಿ ಸ್ಟೀರಾಯ್ಡ್ ಪತ್ತೆಯಾಗಿತ್ತು. ಸಂಶಯಾಸ್ಪದ ಔಷಧಗಳನ್ನು ಆಯ್ದು ನಡೆಸುವ ಇಂತಹ ಪರೀಕ್ಷೆಗಳ ಪ್ರಮಾಣವು ಮಾರುಕಟ್ಟೆಯ ಎಲ್ಲ ಔಷಧಗಳಿಗೂ ಅನ್ವಯಿಸದು. ಆದರೂ ಇದು ವಿರಳ ಸಂಗತಿಯಲ್ಲವೆಂಬುದು ಇದರಿಂದ ವ್ಯಕ್ತವಾಗುತ್ತದೆ.

ಸ್ಟೀರಾಯ್ಡ್‌ಗಳು ವೈದ್ಯರ ಮೇಲ್ವಿಚಾರಣೆಯಲ್ಲಿ ಪ್ರಾಣ ಉಳಿಸುವ ಔಷಧಗಳು. ಆದ್ದರಿಂದಲೇ ಅವುಗಳನ್ನು ವೈದ್ಯರ ಚೀಟಿಯಿಲ್ಲದೆ ಮಾರುವಂತಿಲ್ಲ. ಇವುಗಳ ಅತ್ಯಲ್ಪ ಪ್ರಮಾಣವೂ ಪರಿಣಾಮಕಾರಿ. 0.75 ಮಿಲಿಗ್ರಾಂ ಡೆಕ್ಸಾಮೆಥಾಸೋನ್ 5 ಮಿಲಿಗ್ರಾಂ ಪ್ರೆಡ್ನಿಸೊಲೋನ್‌ಗೆ ಸಮಾನ. ಒಂದು ಚಮಚ ಗಿಡಮೂಲಿಕೆ ಪುಡಿಯಲ್ಲಿ ಇಷ್ಟು ಅಲ್ಪ ಪ್ರಮಾಣವು ಬಣ್ಣ, ವಾಸನೆ ಅಥವಾ ರುಚಿಯಿಂದ ತಿಳಿಯುವುದಿಲ್ಲ. ನೀರಿನಲ್ಲಿ ಕದಡಿ ನೋಡುವುದರಿಂದಲೂ ಪತ್ತೆಯಾಗುವುದಿಲ್ಲ.

ಆರಂಭದಲ್ಲಿ ನೋವು ಬೇಗನೆ ಇಳಿಯುತ್ತದೆ, ಹಸಿವು ಹೆಚ್ಚುತ್ತದೆ, ಮೈಯಲ್ಲಿ ಚೈತನ್ಯ ಬಂದಂತಾಗುತ್ತದೆ. ಈ ಕಾರಣದಿಂದಲೇ ಸೇವಿಸಿದವರು ಇತರರಿಗೂ ಶಿಫಾರಸು ಮಾಡುತ್ತಾರೆ. ಆದರೆ ನೋವಿನ ಮೂಲ ಕಾರಣ ಹಾಗೆಯೇ ಉಳಿದಿರುತ್ತದೆ. ತಿಂಗಳುಗಳು ಕಳೆದಂತೆ ಈ ಕೆಳಗಿನ ತೊಂದರೆಗಳು ಕಾಣಿಸಿಕೊಳ್ಳಬಹುದು:

• ಮುಖ ದುಂಡಗೆ ಊದಿಕೊಳ್ಳುವುದು, ಹೊಟ್ಟೆಯ ಭಾಗ ದಪ್ಪವಾಗಿ ಕೈಕಾಲುಗಳು ಸಣ್ಣಗಾಗುವುದು
• ಚರ್ಮ ತೆಳುವಾಗಿ, ಸಣ್ಣ ಪೆಟ್ಟಿಗೂ ನೀಲಿಗಟ್ಟುವುದು, ಗಾಯ ಬೇಗ ಮಾಯದಿರುವುದು
• ರಕ್ತದೊತ್ತಡ ಮತ್ತು ರಕ್ತದಲ್ಲಿನ ಸಕ್ಕರೆಯ ಪ್ರಮಾಣ ಏರುವುದು
• ಮೂಳೆಗಳು ಸವೆದು ಸುಲಭವಾಗಿ ಮುರಿಯುವುದು
• ಕಣ್ಣಿನ ಪೊರೆ ಮತ್ತು ಕಣ್ಣಿನ ಒತ್ತಡ ಹೆಚ್ಚುವುದು
• ರೋಗನಿರೋಧಕ ಶಕ್ತಿ ಕುಂದಿ, ಕ್ಷಯದಂತಹ ಸೋಂಕುಗಳು ಮರುಕಳಿಸುವುದು

ನೋವುನಿವಾರಕವೂ ಜೊತೆಗೆ ಬೆರೆತಿದ್ದಲ್ಲಿ ಜಠರದಲ್ಲಿ ಹುಣ್ಣಾಗಿ ರಕ್ತಸ್ರಾವವಾಗುವ ಸಂಭವ ಇನ್ನಷ್ಟು ಹೆಚ್ಚು. ಮಲವು ಡಾಂಬರಿನಂತೆ ಕಪ್ಪಾಗುವುದು ಇದರ ಸೂಚನೆ. ಇಂತಹ ನೋವುನಿವಾರಕಗಳು ಮೂತ್ರಪಿಂಡಗಳಿಗೂ ಹಾನಿ ಮಾಡುತ್ತವೆ. ಬಿಸಿಲಿನಲ್ಲಿ ಬೆವರು ಸುರಿಸಿ ದುಡಿಯುವವರು ಸಾಕಷ್ಟು ನೀರು ಕುಡಿಯದಿದ್ದಲ್ಲಿ ಈ ಹಾನಿ ಹೆಚ್ಚಾಗುತ್ತದೆ.

ಆ) ಸಕ್ಕರೆ ಕಾಯಿಲೆಗೆಂದು ಮಾರುವ ಪುಡಿಗಳು

ಇವುಗಳಲ್ಲಿ ಗ್ಲೈಬೆನ್‌ಕ್ಲಮೈಡ್, ಮೆಟ್‌ಫಾರ್ಮಿನ್ ಮುಂತಾದ ಔಷಧಗಳು ಬೆರೆತಿರಬಹುದು. ವೈದ್ಯರು ನೀಡಿದ ಮಾತ್ರೆಯ ಜೊತೆಯಲ್ಲಿ ಇಂತಹ ಪುಡಿಯನ್ನೂ ಸೇವಿಸಿದಾಗ ಒಂದೇ ಔಷಧ ಎರಡು ಪಟ್ಟು ದೇಹವನ್ನು ಸೇರುತ್ತದೆ. ಸಕ್ಕರೆಯ ಪ್ರಮಾಣ ಅತಿಯಾಗಿ ಕುಸಿದು ಬೆವರು, ನಡುಕ, ಗೊಂದಲ, ಪ್ರಜ್ಞಾಹೀನತೆ ಉಂಟಾಗಬಹುದು.

ಇ) ತೂಕ ಇಳಿಸುವ ಉತ್ಪನ್ನಗಳು

ಇವುಗಳಲ್ಲಿ ಪದೇ ಪದೇ ಪತ್ತೆಯಾಗಿರುವುದು ಸಿಬುಟ್ರಮೈನ್. ಈ ಔಷಧವು ಹೃದ್ರೋಗವುಳ್ಳವರಲ್ಲಿ ಹೃದಯಾಘಾತ ಮತ್ತು ಪಾರ್ಶ್ವವಾಯುವಿನ ಸಂಭವವನ್ನು ಹೆಚ್ಚಿಸುತ್ತದೆಂದು ದೊಡ್ಡ ಅಧ್ಯಯನವೊಂದರಿಂದ ತಿಳಿದುಬಂದ ಕಾರಣ, 2010ರಲ್ಲಿ ಯೂರೋಪ್ ಮತ್ತು ಅಮೆರಿಕದ ಮಾರುಕಟ್ಟೆಗಳಿಂದ ಇದನ್ನು ಹಿಂತೆಗೆಯಲಾಯಿತು. 2011ರಲ್ಲಿ ಭಾರತ ಸರ್ಕಾರವು ಇದನ್ನು ನಿಷೇಧಿಸಿತು. ಔಷಧವಾಗಿಯೇ ನಿಷೇಧಗೊಂಡ ವಸ್ತುವು "ನೈಸರ್ಗಿಕ" ಎಂಬ ಹೆಸರಿನಲ್ಲಿ ಮನೆ ಸೇರುವ ಸಾಧ್ಯತೆಯನ್ನು ಸಾರ್ವಜನಿಕರು ಗಮನಿಸಬೇಕು.

ಈ) ಲೈಂಗಿಕ ಶಕ್ತಿವರ್ಧಕಗಳು

ಇವುಗಳಲ್ಲಿ ಸಿಲ್ಡೆನಾಫಿಲ್ ಅಥವಾ ಅದನ್ನು ಹೋಲುವ ರಾಸಾಯನಿಕಗಳು ಬೆರೆತಿರಬಹುದು. ಎದೆನೋವಿಗೆ ನಾಲಿಗೆಯ ಕೆಳಗೆ ಇರಿಸಿಕೊಳ್ಳುವ ನೈಟ್ರೇಟ್ ಮಾತ್ರೆಗಳೊಂದಿಗೆ ಇವು ಸೇರಿದಾಗ ರಕ್ತದೊತ್ತಡವು ಪ್ರಾಣಾಪಾಯದ ಮಟ್ಟಕ್ಕೆ ಕುಸಿಯುತ್ತದೆ. ಸಂಕೋಚದಿಂದ ರೋಗಿಯು ವಿಷಯವನ್ನು ಮರೆಮಾಚಿದಲ್ಲಿ ತುರ್ತು ಚಿಕಿತ್ಸೆ ನೀಡುವ ವೈದ್ಯರಿಗೂ ಇದು ತಿಳಿಯುವುದಿಲ್ಲ.

ಬೆರಕೆಯಾದ ಔಷಧವು ಉತ್ಪನ್ನದ ಉದ್ದೇಶಕ್ಕೆ ಸಂಬಂಧಿಸಿಯೇ ಇರಬೇಕೆಂದಿಲ್ಲ. ಸಿಂಗಪುರದಲ್ಲಿ 2008ರ ಮೊದಲ ಐದು ತಿಂಗಳುಗಳಲ್ಲಿ ಸಕ್ಕರೆ ಕಾಯಿಲೆಯಿಲ್ಲದ ಸುಮಾರು 150 ಮಂದಿ ರಕ್ತದ ಸಕ್ಕರೆ ಕುಸಿದು ಆಸ್ಪತ್ರೆ ಸೇರಿದರು. ಅವರಲ್ಲಿ ನಾಲ್ವರು ಮೃತಪಟ್ಟರು. ಕಾನೂನುಬಾಹಿರವಾಗಿ ಮಾರಲಾದ ಲೈಂಗಿಕ ಶಕ್ತಿವರ್ಧಕಗಳಲ್ಲಿ ಸಕ್ಕರೆ ಕಾಯಿಲೆಯ ಔಷಧವಾದ ಗ್ಲೈಬೆನ್‌ಕ್ಲಮೈಡ್ ಬೆರೆತಿದ್ದುದು ತನಿಖೆಯಿಂದ ಬೆಳಕಿಗೆ ಬಂದಿತು.

ಉ) ಸ್ನಾಯು ಬೆಳೆಸುವ ಪುಡಿಗಳು

ವ್ಯಾಯಾಮಶಾಲೆಗೆ ಹೋಗುವ ಯುವಕರು ಬಳಸುವ ಇಂತಹ ಕೆಲವು ಉತ್ಪನ್ನಗಳಲ್ಲಿ ಅನಬಾಲಿಕ್ ಸ್ಟೀರಾಯ್ಡ್‌ಗಳು ಪತ್ತೆಯಾಗಿವೆ. ಇವು ಯಕೃತ್ತು, ಹೃದಯ ಮತ್ತು ಸಂತಾನಶಕ್ತಿಗೆ ಹಾನಿಕರ.

ಅಮೆರಿಕದ ಆಹಾರ ಮತ್ತು ಔಷಧ ಆಡಳಿತವು 2007ರಿಂದ 2016ರವರೆಗೆ ಔಷಧ ಬೆರೆತಿರುವುದಾಗಿ ಗುರುತಿಸಿದ ಪೂರಕ ಆಹಾರಗಳ ಸಂಖ್ಯೆ 776. ಇವುಗಳ ಪೈಕಿ ಶೇ 45.5ರಷ್ಟು ಲೈಂಗಿಕ ಶಕ್ತಿವರ್ಧಕಗಳು, ಶೇ 40.9ರಷ್ಟು ತೂಕ ಇಳಿಸುವಂತಹವು ಹಾಗೂ ಶೇ 11.9ರಷ್ಟು ಸ್ನಾಯು ಬೆಳೆಸುವಂತಹವು. ಐದರಲ್ಲಿ ಒಂದರಷ್ಟು ಉತ್ಪನ್ನಗಳಲ್ಲಿ ಒಂದಕ್ಕಿಂತ ಹೆಚ್ಚು ಔಷಧಗಳಿದ್ದವು.

3. ಈಗಾಗಲೇ ಸೇವಿಸುತ್ತಿರುವವರು ಏನು ಮಾಡಬೇಕು?

ನಮ್ಮ ಮೂತ್ರಪಿಂಡಗಳ ಮೇಲ್ಭಾಗದಲ್ಲಿರುವ ಅಡ್ರಿನಲ್ ಗ್ರಂಥಿಗಳು ಕಾರ್ಟಿಸೋಲ್ ಎಂಬ ಹಾರ್ಮೋನನ್ನು ಪ್ರತಿದಿನ ಉತ್ಪಾದಿಸುತ್ತವೆ. ಜ್ವರ, ಗಾಯ, ಉಪವಾಸ ಮುಂತಾದ ಸಂದರ್ಭಗಳಲ್ಲಿ ದೇಹವನ್ನು ಕಾಪಾಡುವುದು ಇದೇ ಹಾರ್ಮೋನು. ಹೊರಗಿನಿಂದ ಸ್ಟೀರಾಯ್ಡ್ ಸತತವಾಗಿ ದೊರೆತಾಗ ಗ್ರಂಥಿಗಳು ತಮ್ಮ ಕೆಲಸವನ್ನು ಕಡಿಮೆ ಮಾಡುತ್ತವೆ. ಸಾಮಾನ್ಯವಾಗಿ ಮೂರು ವಾರಗಳಿಗೂ ಮೀರಿ ಸೇವಿಸಿದವರಲ್ಲಿ ಈ ಸಾಧ್ಯತೆಯನ್ನು ಪರಿಗಣಿಸಲಾಗುತ್ತದೆ. ಅಂತಹವರು ಪುಡಿಯನ್ನು ಏಕಾಏಕಿ ನಿಲ್ಲಿಸಿದಲ್ಲಿ, ದೇಹಕ್ಕೆ ಪುಡಿಯ ಸ್ಟೀರಾಯ್ಡೂ ಇಲ್ಲ, ತನ್ನದೇ ಹಾರ್ಮೋನೂ ಇಲ್ಲ ಎಂಬ ಸ್ಥಿತಿ ಒದಗುತ್ತದೆ. ತೀವ್ರ ನಿಶ್ಶಕ್ತಿ, ವಾಂತಿ, ಹೊಟ್ಟೆನೋವು, ತಲೆಸುತ್ತು, ರಕ್ತದೊತ್ತಡ ಕುಸಿತ ಮತ್ತು ಪ್ರಜ್ಞಾಹೀನತೆ ಉಂಟಾಗಬಹುದು. ಸಕಾಲದಲ್ಲಿ ಚಿಕಿತ್ಸೆ ದೊರೆಯದಿದ್ದಲ್ಲಿ ಇದು ಮಾರಣಾಂತಿಕ.

ಪುಡಿ ಮುಗಿದುಹೋದಾಗ, ಮಾರುವವನು ಊರಿಗೆ ಬಾರದಿದ್ದಾಗ, ಅಥವಾ ಭಯದಿಂದ ಎಸೆದುಬಿಟ್ಟಾಗ ಈ ಸ್ಥಿತಿ ಒದಗುವ ಸಂಭವವಿದೆ. ಆದುದರಿಂದ ಸಾರ್ವಜನಿಕರು ಈ ಕೆಳಗಿನ ಕ್ರಮವನ್ನು ಅನುಸರಿಸಬೇಕಾಗಿ ಕೋರಲಾಗಿದೆ:

(1) ಉಳಿದಿರುವ ಪುಡಿ, ಪೊಟ್ಟಣ ಮತ್ತು ರಸೀದಿಯನ್ನು ತೆಗೆದುಕೊಂಡು ಅದೇ ದಿನ ಸಮೀಪದ ಪ್ರಾಥಮಿಕ ಆರೋಗ್ಯ ಕೇಂದ್ರ, ಸಕಲೇಶಪುರದ ಕ್ರಾಫರ್ಡ್ ಸಾರ್ವಜನಿಕ ಆಸ್ಪತ್ರೆ, ಆಲೂರಿನ ತಾಲ್ಲೂಕು ಆಸ್ಪತ್ರೆ ಅಥವಾ ಹಾಸನ ವೈದ್ಯಕೀಯ ವಿಜ್ಞಾನಗಳ ಸಂಸ್ಥೆಯ ಆಸ್ಪತ್ರೆಗೆ ಹೋಗುವುದು.

(2) ಎಷ್ಟು ದಿನಗಳಿಂದ, ದಿನಕ್ಕೆ ಎಷ್ಟು ಬಾರಿ ಸೇವಿಸಲಾಗಿದೆ ಎಂಬುದನ್ನು ವೈದ್ಯರಿಗೆ ಮರೆಮಾಚದೆ ತಿಳಿಸುವುದು. ಸೇವಿಸಿದ್ದಕ್ಕಾಗಿ ರೋಗಿಯ ಮೇಲೆ ಯಾವ ಕಾನೂನು ಕ್ರಮವೂ ಇರುವುದಿಲ್ಲ.

(3) ವೈದ್ಯರು ಸ್ಟೀರಾಯ್ಡ್ ಇರಬಹುದೆಂದು ಭಾವಿಸಿದಲ್ಲಿ, ಪ್ರಮಾಣ ಗೊತ್ತಿರುವ ಮಾತ್ರೆಯನ್ನು ನೀಡಿ ಅದನ್ನು ಹಂತಹಂತವಾಗಿ ಕಡಿಮೆ ಮಾಡುತ್ತಾರೆ. ಈ ಅವಧಿಯಲ್ಲಿ ಮಾತ್ರೆಯನ್ನು ತಪ್ಪಿಸಬಾರದು.

(4) ಪುಡಿಯನ್ನು ಈಗಾಗಲೇ ನಿಲ್ಲಿಸಿದ್ದು, ಮೇಲೆ ಹೇಳಿದ ಲಕ್ಷಣಗಳು ಕಂಡುಬಂದಲ್ಲಿ ಕೂಡಲೇ 108ಕ್ಕೆ ಕರೆ ಮಾಡುವುದು. "ಸ್ಟೀರಾಯ್ಡ್ ಇರಬಹುದಾದ ಪುಡಿಯನ್ನು ಸೇವಿಸುತ್ತಿದ್ದರು" ಎಂಬ ಒಂದು ಮಾತನ್ನು ಆಸ್ಪತ್ರೆಯ ಸಿಬ್ಬಂದಿಗೆ ಹೇಳುವುದರಿಂದ ಸರಿಯಾದ ಚುಚ್ಚುಮದ್ದು ಬೇಗ ದೊರೆತು ಜೀವ ಉಳಿಯಬಹುದು.

ಆದರೆ ಮಲ ಕಪ್ಪಾಗುವುದು, ರಕ್ತವಾಂತಿ, ಎದೆನೋವು ಅಥವಾ ಪ್ರಜ್ಞೆ ತಪ್ಪುವುದು ಕಂಡುಬಂದಲ್ಲಿ ಮತ್ತೊಂದು ಬಾರಿ ಪುಡಿಯನ್ನು ಸೇವಿಸದೆ ತಕ್ಷಣ ಆಸ್ಪತ್ರೆಗೆ ಹೋಗಬೇಕು.

4. ಕೊಳ್ಳುವ ಮುನ್ನ ಗಮನಿಸಬೇಕಾದ ಅಂಶಗಳು

• ಲೇಬಲ್, ತಯಾರಕರ ವಿಳಾಸ, ಪರವಾನಗಿ ಸಂಖ್ಯೆ ಅಥವಾ ಬ್ಯಾಚ್ ಸಂಖ್ಯೆ ಇಲ್ಲದ ಪುಡಿ, ಮಾತ್ರೆಗಳನ್ನು ಕೊಳ್ಳಬಾರದು.
• ಹಲವು ವರ್ಷಗಳ ನೋವು ಒಂದೆರಡು ದಿನಗಳಲ್ಲಿ ಪೂರ್ಣವಾಗಿ ಮಾಯವಾದಲ್ಲಿ ಅದನ್ನು ಔಷಧದ ಹಿರಿಮೆಯೆಂದು ತಿಳಿಯದೆ ಎಚ್ಚರಿಕೆಯ ಸೂಚನೆಯೆಂದು ತಿಳಿಯಬೇಕು. ಸೇವನೆ ತಪ್ಪಿದ ಮರುದಿನವೇ ನೋವು ಹೆಚ್ಚಾಗಿ ಮರಳುವುದು ಎರಡನೆಯ ಸೂಚನೆ.
• ಸಕ್ಕರೆ ಕಾಯಿಲೆ, ಕ್ಯಾನ್ಸರ್, ಹೃದ್ರೋಗ, ಬೊಜ್ಜು, ಸಂಧಿವಾತ ಮುಂತಾದವುಗಳನ್ನು ಗುಣಪಡಿಸುವುದಾಗಿ ಜಾಹೀರಾತು ನೀಡುವುದನ್ನು ಔಷಧಗಳು ಮತ್ತು ಮಾಂತ್ರಿಕ ಪರಿಹಾರಗಳು (ಆಕ್ಷೇಪಾರ್ಹ ಜಾಹೀರಾತುಗಳು) ಕಾಯ್ದೆ, 1954 ನಿಷೇಧಿಸುತ್ತದೆ. ಅಂತಹ ಜಾಹೀರಾತೇ ಒಂದು ಎಚ್ಚರಿಕೆ.
• ವೈದ್ಯರು ತಮ್ಮ ಸ್ವಂತ ರೋಗಿಗಳಿಗಾಗಿ ಸ್ವತಃ ತಯಾರಿಸಿ ಕೊಡುವ ಆಯುರ್ವೇದ ಔಷಧಕ್ಕೆ ಕಾನೂನಿನಲ್ಲಿ ತಯಾರಿಕಾ ಪರವಾನಗಿಯಿಂದ ವಿನಾಯಿತಿ ಇದೆ. ಆದರೆ ಅದರಲ್ಲಿ ಸ್ಟೀರಾಯ್ಡ್ ಬೆರೆಸಲು ವಿನಾಯಿತಿ ಇಲ್ಲ. ಔಷಧ ಕೊಡುವವರ ವೈದ್ಯ ನೋಂದಣಿ ಸಂಖ್ಯೆಯನ್ನು ಮತ್ತು ಔಷಧದಲ್ಲಿರುವ ದ್ರವ್ಯಗಳನ್ನು ಕೇಳಿ ಬರೆದಿಟ್ಟುಕೊಳ್ಳುವುದು.
• ಕೊಂಡ ವಸ್ತುವಿಗೆ ರಸೀದಿ ಪಡೆಯುವುದು.

5. ಪರೀಕ್ಷೆ ಮಾಡಿಸುವುದು ಹೇಗೆ?

ಪೂರಕ ಆಹಾರವಾಗಿದ್ದಲ್ಲಿ, ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಕಾಯ್ದೆಯ 40ನೇ ಪ್ರಕರಣದ ಪ್ರಕಾರ ಕೊಂಡವರು ನಿಗದಿತ ಶುಲ್ಕ ಪಾವತಿಸಿ ಆಹಾರ ವಿಶ್ಲೇಷಕರಿಂದ ಪರೀಕ್ಷೆ ಮಾಡಿಸಬಹುದು. ಪರೀಕ್ಷೆ ಮಾಡಿಸುವ ಉದ್ದೇಶವನ್ನು ಕೊಳ್ಳುವ ಸಮಯದಲ್ಲಿಯೇ ಮಾರಾಟಗಾರರಿಗೆ ತಿಳಿಸಿರಬೇಕು. ವರದಿಯನ್ನು 14 ದಿನಗಳೊಳಗೆ ನೀಡತಕ್ಕದ್ದು. ಕಾಯ್ದೆಯ ಉಲ್ಲಂಘನೆ ಕಂಡುಬಂದಲ್ಲಿ ಶುಲ್ಕವನ್ನು ಹಿಂದಿರುಗಿಸಲಾಗುತ್ತದೆ.

ಕೊಳ್ಳುವಾಗ ಹೀಗೆ ತಿಳಿಸಿಲ್ಲದಿದ್ದಲ್ಲಿ, ಅಥವಾ ಉತ್ಪನ್ನವು ಆಯುರ್ವೇದ ಔಷಧವಾಗಿದ್ದಲ್ಲಿ, ಲಿಖಿತ ದೂರು ನೀಡುವುದು ಸೂಕ್ತ. ಕಾನೂನುಬದ್ಧವಾಗಿ ಮಾದರಿ ಸಂಗ್ರಹಿಸಿ ಪ್ರಯೋಗಾಲಯಕ್ಕೆ ಕಳುಹಿಸುವ ಅಧಿಕಾರ ಸಂಬಂಧಪಟ್ಟ ಅಧಿಕಾರಿಗಳಿಗೆ ಇದೆ.

ಪ್ರಯೋಗಾಲಯವು ಯಾವ ವಸ್ತುವನ್ನು ಹುಡುಕಬೇಕೆಂಬುದನ್ನು ಅವಲಂಬಿಸಿ ಪರೀಕ್ಷೆ ನಡೆಯುತ್ತದೆ. ಆದ್ದರಿಂದ "ಪುಡಿ ಸರಿಯಿಲ್ಲ" ಎಂದಷ್ಟೇ ಬರೆಯದೆ, ಮುಖ ಊದಿದೆ, ಸಕ್ಕರೆ ಏರಿದೆ, ಸಕ್ಕರೆ ಕುಸಿದಿದೆ, ಎದೆ ಬಡಿತ ಹೆಚ್ಚಿದೆ ಎಂಬ ನಿರ್ದಿಷ್ಟ ಲಕ್ಷಣಗಳನ್ನು ನಮೂದಿಸಿದಲ್ಲಿ ಶಂಕಿತ ಔಷಧವನ್ನು ಪತ್ತೆಹಚ್ಚಲು ಅನುಕೂಲವಾಗುತ್ತದೆ.

6. ದೂರು ಅರ್ಜಿಯಲ್ಲಿ ಇರಬೇಕಾದ ವಿವರಗಳು

(1) ಅರ್ಜಿದಾರರ ಹೆಸರು, ವಿಳಾಸ ಮತ್ತು ದೂರವಾಣಿ ಸಂಖ್ಯೆ
(2) ಉತ್ಪನ್ನದ ಹೆಸರು, ತಯಾರಕರ ಹೆಸರು, ಬ್ಯಾಚ್ ಮತ್ತು ಪರವಾನಗಿ ಸಂಖ್ಯೆ; ಲೇಬಲ್ ಇಲ್ಲದಿದ್ದಲ್ಲಿ ಆ ಅಂಶ
(3) ಕೊಂಡ ಸ್ಥಳ, ದಿನಾಂಕ ಮತ್ತು ಬೆಲೆ. ರಸೀದಿ ಇದ್ದಲ್ಲಿ ಅದರ ಪ್ರತಿ
(4) ಸೇವಿಸಿದ ಅವಧಿ ಮತ್ತು ಕಂಡುಬಂದ ಲಕ್ಷಣಗಳು
(5) ಚಿಕಿತ್ಸೆ ಪಡೆದಿದ್ದಲ್ಲಿ ವೈದ್ಯರ ಚೀಟಿ ಮತ್ತು ಪರೀಕ್ಷಾ ವರದಿಗಳ ಪ್ರತಿ

ಉಳಿದ ಪುಡಿಯನ್ನು ಬೇರೆ ಡಬ್ಬಿಗೆ ವರ್ಗಾಯಿಸದೆ, ಮೂಲ ಪೊಟ್ಟಣದಲ್ಲಿಯೇ ತೇವ ತಗುಲದಂತೆ ಕಾಯ್ದಿರಿಸುವುದು. ಮಳೆಗಾಲದಲ್ಲಿ ಈ ಬಗ್ಗೆ ವಿಶೇಷ ಗಮನ ಅಗತ್ಯ. ಮೂಲ ದಾಖಲೆಗಳನ್ನು ತಮ್ಮಲ್ಲಿಯೇ ಇರಿಸಿಕೊಂಡು ಪ್ರತಿಗಳನ್ನು ಮಾತ್ರ ಲಗತ್ತಿಸುವುದು.

7. ಯಾರಿಗೆ ಅರ್ಜಿ ಸಲ್ಲಿಸಬೇಕು?

• ಪೂರಕ ಆಹಾರಗಳಿಗೆ ಸಂಬಂಧಿಸಿದಂತೆ: ತಾಲ್ಲೂಕಿನ ಆಹಾರ ಸುರಕ್ಷತಾ ಅಧಿಕಾರಿ ಅಥವಾ ಜಿಲ್ಲೆಯ ಅಂಕಿತ ಅಧಿಕಾರಿ. ಎಫ್‌ಎಸ್‌ಎಸ್‌ಎಐ ಉಚಿತ ಸಹಾಯವಾಣಿ: 1800-112-100.
• ಆಯುರ್ವೇದ ಔಷಧಗಳಿಗೆ ಸಂಬಂಧಿಸಿದಂತೆ: ಜಿಲ್ಲಾ ಆಯುಷ್ ಅಧಿಕಾರಿ, ಹಾಸನ.
• ಅಲೋಪಥಿ ಔಷಧವನ್ನು ಬೆರೆಸುತ್ತಿರುವ ಅಥವಾ ಚೀಟಿಯಿಲ್ಲದೆ ಮಾರುತ್ತಿರುವ ಸಂಶಯವಿದ್ದಲ್ಲಿ: ಜಿಲ್ಲೆಯ ಔಷಧ ನಿಯಂತ್ರಣ ಅಧಿಕಾರಿಗಳು.
• ನೋಂದಣಿಯಿಲ್ಲದೆ ವೈದ್ಯ ವೃತ್ತಿ ನಡೆಸುವವರ ಬಗ್ಗೆ: ಜಿಲ್ಲಾ ಆರೋಗ್ಯ ಮತ್ತು ಕುಟುಂಬ ಕಲ್ಯಾಣಾಧಿಕಾರಿ, ಹಾಸನ.
• ಔಷಧದ ಅಡ್ಡಪರಿಣಾಮವನ್ನು ವರದಿ ಮಾಡಲು, ಭಾರತೀಯ ಫಾರ್ಮಕೋವಿಜಿಲೆನ್ಸ್ ಕಾರ್ಯಕ್ರಮದ ಉಚಿತ ಸಹಾಯವಾಣಿ: 1800-180-3024.
• ರಾಷ್ಟ್ರೀಯ ಗ್ರಾಹಕ ಸಹಾಯವಾಣಿ: 1915. ಆರೋಗ್ಯ ಸಲಹೆಗಾಗಿ: 104.

ಯಾವ ವರ್ಗದ ಉತ್ಪನ್ನವೆಂದು ತಿಳಿಯದಿದ್ದಲ್ಲಿ ಮೇಲ್ಕಂಡ ಯಾವುದಾದರೂ ಒಂದು ಕಚೇರಿಗೆ ಅರ್ಜಿ ಸಲ್ಲಿಸಿ, ಸ್ವೀಕೃತಿ ಪಡೆದುಕೊಳ್ಳುವುದು.

8. ಪದೇ ಪದೇ ಕೇಳಲಾಗುವ ಪ್ರಶ್ನೆಗಳು

ಪ್ರಶ್ನೆ: ಗಿಡಮೂಲಿಕೆಯ ಔಷಧದಿಂದ ಅಡ್ಡಪರಿಣಾಮವಿಲ್ಲವೆಂದು ಹೇಳುತ್ತಾರಲ್ಲವೆ?
ಉತ್ತರ: ಪರಿಣಾಮವಿರುವ ಯಾವುದೇ ಔಷಧಕ್ಕೆ ಅಡ್ಡಪರಿಣಾಮವೂ ಇರಬಹುದು. ಇಲ್ಲಿ ಪ್ರಸ್ತಾಪಿಸಿರುವ ತೊಂದರೆಗಳಾದರೋ ಗಿಡಮೂಲಿಕೆಯಿಂದ ಬಂದವಲ್ಲ, ಅದರಲ್ಲಿ ಅಡಗಿಸಿಟ್ಟ ಔಷಧದಿಂದ ಬಂದವು.

ಪ್ರಶ್ನೆ: ನೆರೆಮನೆಯವರು ವರ್ಷದಿಂದ ಸೇವಿಸುತ್ತಿದ್ದಾರೆ, ಅವರಿಗೆ ಏನೂ ಆಗಿಲ್ಲ. ನಾವು ಸೇವಿಸಬಹುದೆ?
ಉತ್ತರ: ಮೂಳೆ ಸವೆತ, ಕಣ್ಣಿನ ಪೊರೆ, ಸಕ್ಕರೆಯ ಏರಿಕೆ ಇವು ನಿಧಾನವಾಗಿ, ನೋವಿಲ್ಲದೆ ಬೆಳೆಯುತ್ತವೆ. ಒಂದೇ ಹೆಸರಿನ ಪುಡಿಯಲ್ಲಿ ಒಂದು ಬಾರಿ ಇದ್ದ ಔಷಧವು ಇನ್ನೊಂದು ಬಾರಿ ಅದೇ ಪ್ರಮಾಣದಲ್ಲಿ ಇರುತ್ತದೆಂಬ ಭರವಸೆಯೂ ಇಲ್ಲ. ನೆರೆಮನೆಯವರಿಗೂ ಈ ಮಾಹಿತಿಯ 3ನೇ ಭಾಗವನ್ನು ತಿಳಿಸಬೇಕಾಗಿ ಕೋರಿದೆ.

ಪ್ರಶ್ನೆ: ಹಾನಿಯಾದಲ್ಲಿ ಪರಿಹಾರ ದೊರೆಯುವುದೆ?
ಉತ್ತರ: ಪೂರಕ ಆಹಾರದಿಂದ ಹಾನಿಯಾಗಿರುವುದು ಸಾಬೀತಾದಲ್ಲಿ, ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಕಾಯ್ದೆಯ 65ನೇ ಪ್ರಕರಣದ ಅಡಿಯಲ್ಲಿ ಪರಿಹಾರ ನೀಡುವಂತೆ ಆದೇಶಿಸಲು ಅವಕಾಶವಿದೆ. ಮರಣ ಸಂಭವಿಸಿದಲ್ಲಿ ಕನಿಷ್ಠ 5 ಲಕ್ಷ ರೂಪಾಯಿ, ತೀವ್ರ ಹಾನಿಗೆ 3 ಲಕ್ಷ ರೂಪಾಯಿಯವರೆಗೆ ಮತ್ತು ಇತರ ಹಾನಿಗೆ 1 ಲಕ್ಷ ರೂಪಾಯಿಯವರೆಗೆ ಪರಿಹಾರವನ್ನು ನಿಗದಿಪಡಿಸಲಾಗಿದೆ. ಇದಕ್ಕೂ ರಸೀದಿ, ಪೊಟ್ಟಣ ಮತ್ತು ವೈದ್ಯಕೀಯ ದಾಖಲೆಗಳೇ ಆಧಾರ.

ಪ್ರಶ್ನೆ: ನೋವು ತಾಳಲಾಗದು, ಆಸ್ಪತ್ರೆಗೆ ಹೋಗಲು ಸಮಯವಿಲ್ಲ. ಬೇರೆ ದಾರಿಯೇನು?
ಉತ್ತರ: ಸಮೀಪದ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಒಮ್ಮೆ ತೋರಿಸಿದಲ್ಲಿ, ನೋವಿನ ಕಾರಣಕ್ಕೆ ತಕ್ಕ ಔಷಧ, ವ್ಯಾಯಾಮ ಮತ್ತು ಭಾರ ಹೊರುವ ಕ್ರಮದ ಬಗ್ಗೆ ಸಲಹೆ ದೊರೆಯುತ್ತದೆ. ಆಯುರ್ವೇದ ಚಿಕಿತ್ಸೆಯನ್ನು ಬಯಸುವವರು ಸರ್ಕಾರಿ ಆಯುಷ್ ಚಿಕಿತ್ಸಾಲಯಗಳಲ್ಲಿ ನೋಂದಾಯಿತ ವೈದ್ಯರನ್ನು ಕಾಣಬಹುದು.

ನೋವಿಗೆ ಔಷಧ ಬಯಸುವುದು ತಪ್ಪಲ್ಲ. ತಾವು ಸೇವಿಸುತ್ತಿರುವ ಔಷಧದ ಹೆಸರನ್ನು ತಿಳಿಯುವುದು ಪ್ರತಿಯೊಬ್ಬ ನಾಗರಿಕರ ಹಕ್ಕು. ಆ ಹೆಸರನ್ನು ಮರೆಮಾಚಿ ಮಾರುವುದು ಅಪರಾಧ. ಸಾರ್ವಜನಿಕರು ಸಂಶಯಾಸ್ಪದ ಉತ್ಪನ್ನಗಳ ಬಗ್ಗೆ ಕೂಡಲೇ ಮಾಹಿತಿ ನೀಡಿ ಸಹಕರಿಸಬೇಕಾಗಿ ಕೋರಲಾಗಿದೆ.